ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಗಡಿ ದಾಟಿದ ಬ್ಯಾಂಕು



ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನು ಬ್ಯಾಂಕುಗಳ ತವರೂರು ಎಂದು ಕರೆಯುತ್ತಾರೆ. ಈ ಮಾತನ್ನು ನೀವೂ ಶಾಲೆಯಲ್ಲಿ ಓದಿರುತ್ತೀರಿ. ಆದರೆ ಆ ತವರಿನಲ್ಲಿ ಹುಟ್ಟಿದ ಹಿರಿಯ ಬ್ಯಾಂಕುಗಳಲ್ಲಿ ಒಂದಾದ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದವರು ಉಡುಪಿಯ ಒಬ್ಬ ಮುಸ್ಲಿಂ ಶ್ರೀಮಂತರು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿಲ್ಲ. ಅವರೇ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. 2020ರ ಏಪ್ರಿಲ್ 1ರಂದು ಅವರು ಕಟ್ಟಿದ ಬ್ಯಾಂಕು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಊರೂರಿನ ಶಾಖೆಗಳ ಮುಂದಿನ ಹಳೆಯ ಫಲಕ ಇಳಿಯಿತು. ಫಲಕ ಇಳಿದ ಮೇಲೆ ಕಟ್ಟಿದವರ ಹೆಸರೂ ಮರೆಯಾಗುವುದು ಲೋಕರೂಢಿ. ಹಾಗಾಗಬಾರದು ಎಂಬುದು ಈ ಬರಹದ ಒಂದು ಉದ್ದೇಶ.

ಇನ್ನೊಂದು ಉದ್ದೇಶವೂ ಇದೆ. ಒಂದು ಸೀಮೆಯ ಮಾರುಕಟ್ಟೆಯು ಗಡಿಯಾಚೆಯ ಮಾರುಕಟ್ಟೆಯೊಂದಿಗೆ ಕೂಡಿಕೊಂಡಾಗ ಬ್ಯಾಂಕಿನಲ್ಲಿರುವ ಅದೇ ರೂಪಾಯಿ ಹೆಚ್ಚು ದುಡಿಯುತ್ತದೆ. ಅದು ಹೇಗೆ? ಹಾಗೆ ಹೆಚ್ಚಾದ ದುಡಿಮೆಯ ಫಲ ಯಾರಿಗೆ ಸೇರುತ್ತದೆ? ಈ ಎರಡು ಪ್ರಶ್ನೆಗಳಿಗೆ ಸಾಹೇಬರ ಬದುಕು ಮತ್ತು ಅವರ ಬ್ಯಾಂಕಿನ ಕತೆ ಒಳ್ಳೆಯ ಉತ್ತರ ಕೊಡುತ್ತವೆ. ಗಡಿಯ ಪಕ್ಕದಲ್ಲೇ ಬದುಕುವ ಪುತ್ತೂರು, ಸುಳ್ಯ, ಕಡಬದ ನಮಗೆ ಈ ಪ್ರಶ್ನೆಗಳು ದೂರದವೇನಲ್ಲ.

ಗಡಿಗಳ ನಾಡು

ನರಿಮೊಗರಿನಲ್ಲಿ ನಿಂತು ನೋಡಿದರೆ ದಕ್ಷಿಣಕ್ಕೆ ಕೇರಳದ ಗಡಿ, ಪೂರ್ವಕ್ಕೆ ಕೊಡಗಿನ ಬೆಟ್ಟ. ಇವತ್ತು ಬಸ್ಸು ಹತ್ತಿದರೆ ಎರಡನ್ನೂ ಒಂದೇ ದಿನದಲ್ಲಿ ಮುಟ್ಟಿ ಬರಬಹುದು. ಹಿಂದೆ ಈ ಗೆರೆಗಳಿಗೆ ಬೇರೆಯೇ ಅರ್ಥವಿತ್ತು. ಅಮರಸುಳ್ಯ, ಪುತ್ತೂರು ಮುಂತಾದ ಮಾಗಣೆಗಳು 1834ರವರೆಗೆ ಕೊಡಗಿನ ಅರಸರ ಆಡಳಿತದಲ್ಲಿದ್ದವು. ಆ ವರ್ಷ ಕಂಪೆನಿ ಸರಕಾರ ಕೊಡಗನ್ನು ವಶಪಡಿಸಿಕೊಂಡು ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಭತ್ತದ ರೂಪದಲ್ಲಿ ಕೊಡುತ್ತಿದ್ದರು. ಕಂಪೆನಿಯವರು ನಗದನ್ನೇ ಕೇಳಿದರು. ಬೆಳೆದ ಭತ್ತವನ್ನು ಸಿಕ್ಕಿದ ಬೆಲೆಗೆ ಮಾರಿ ನಾಣ್ಯ ತರಬೇಕು, ಇಲ್ಲವೇ ಸಾಹುಕಾರನ ಬಾಗಿಲು ತಟ್ಟಬೇಕು. 1837ರ ಅಮರಸುಳ್ಯದ ದಂಗೆಗೆ ಇದ್ದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ದಂಗೆಯೆದ್ದ ರೈತರು ಬೆಳ್ಳಾರೆಯ ಖಜಾನೆಯನ್ನು ಮೊದಲು ಹಿಡಿದದ್ದು ಸುಮ್ಮನೆ ಅಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಗದು ಬೇಕೆಂಬ ಕಟ್ಟುಪಾಡು ಬಂದಿತ್ತು, ಆದರೆ ನಗದನ್ನು ನ್ಯಾಯವಾದ ದರದಲ್ಲಿ ಒದಗಿಸುವ ವ್ಯವಸ್ಥೆ ಬಂದಿರಲಿಲ್ಲ. 1862ರಲ್ಲಿ ಉತ್ತರ ಕನ್ನಡವು ಬೊಂಬಾಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡವು ಮದರಾಸಿನಲ್ಲೇ ಉಳಿಯಿತು. ಘಟ್ಟದ ಮೇಲೆ ಮೈಸೂರು ಸಂಸ್ಥಾನ, ಪಕ್ಕದಲ್ಲಿ ಪ್ರತ್ಯೇಕ ಕೊಡಗು. ಅಕ್ಕಿ, ಅಡಿಕೆ, ಕಾಳುಮೆಣಸು, ಕಾಫಿ ಈ ಗಡಿಗಳನ್ನೆಲ್ಲ ದಾಟಿ ಮಂಗಳೂರು ಬಂದರಿಗೆ ಬರುತ್ತಿದ್ದವು. ಸರಕು ಗಡಿ ದಾಟಿದಷ್ಟು ಸುಲಭವಾಗಿ ಸಾಲ ಗಡಿ ದಾಟುತ್ತಿರಲಿಲ್ಲ. ದೊಡ್ಡ ವರ್ತಕರಿಗೆ ಹುಂಡಿ ಇತ್ತು. ಮಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸಿನ ಶಾಖೆಯೂ ಇತ್ತು, ಆದರೆ ಅದು ಹೆಚ್ಚಾಗಿ ಯೂರೋಪಿಯನ್ ಕಂಪೆನಿಗಳ ವ್ಯವಹಾರ ನೋಡುತ್ತಿತ್ತು. ಸಣ್ಣ ರೈತ, ಸಣ್ಣ ಅಂಗಡಿಯವ, ಸಣ್ಣ ಸಂಬಳದ ಗುಮಾಸ್ತ, ಇವರಿಗೆ ಉಳಿದದ್ದು ಸಾಹುಕಾರನ ಚಾವಡಿ ಮಾತ್ರ.

1906ರ ಉಡುಪಿ

ಹಾಜಿ ಅಬ್ದುಲ್ಲಾ ಸಾಹೇಬರು 1882ರಲ್ಲಿ ಜನಿಸಿದರು. ಉಡುಪಿಯ ಅನುಕೂಲಸ್ಥ ಮನೆತನ ಅವರದು. ಊರಿನ ಎಲ್ಲ ಸಮುದಾಯಗಳ ಜನರೊಂದಿಗೆ ಬೆರೆತು ಬಾಳಿದವರು, ಕೊಡುಗೈ ದಾನಿ ಎಂದು ಹೆಸರಾದವರು. ಮುಂದೆ ಬ್ರಿಟಿಷರ ಕಾಲದ ಶಾಸನ ಸಭೆಯ ಸದಸ್ಯರೂ ಆಗಿದ್ದರು. ಸರಕಾರದಿಂದ ಖಾನ್ ಬಹಾದ್ದೂರ್ ಬಿರುದು ಪಡೆದವರು ಸ್ವದೇಶಿ ವಿಚಾರಕ್ಕೂ ಬೆಂಬಲವಾಗಿ ನಿಂತರು.

1905ರ ಬಂಗಾಳ ವಿಭಜನೆಯ ನಂತರ ದೇಶದಲ್ಲೆಲ್ಲ ಸ್ವದೇಶಿ ಚಳವಳಿ ಹಬ್ಬಿತ್ತು. ನಮ್ಮ ಹಣ ನಮ್ಮವರ ಕೈಯಲ್ಲಿ ಬೆಳೆಯಬೇಕೆಂಬ ಭಾವನೆ ಉಡುಪಿಯಂಥ ಸಣ್ಣ ಪಟ್ಟಣಕ್ಕೂ ಬಂದಿತ್ತು. 1906ರ ಮಾರ್ಚ್ 12ರಂದು ಸಾಹೇಬರ ನೇತೃತ್ವದಲ್ಲಿ ಕೆಲವು ಮಹನೀಯರು ಕೂಡಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್ ಎಂಬ ಬ್ಯಾಂಕನ್ನು ಸ್ಥಾಪಿಸಿದರು. ಆರಂಭದ ಬಂಡವಾಳ 5000 ರೂಪಾಯಿ. ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿದ್ದ ಮೊತ್ತ 38 ರೂಪಾಯಿ 13 ಆಣೆ 2 ಪೈ. ಜಾತಿ ಮತದ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸವನ್ನೂ ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸುವುದೇ ಗುರಿಯೆಂದು ಸ್ಥಾಪಕರು ಸಾರ್ವಜನಿಕರಿಗೆ ತಿಳಿಸಿದರು. ಇದನ್ನೇ ಅವರು ನಿಜವಾದ ಸ್ವದೇಶಿ ಎಂದು ತಿಳಿದಿದ್ದರು.

ಆಗ ಸಾಹೇಬರ ವಯಸ್ಸು ಇನ್ನೂ ಇಪ್ಪತ್ತೈದು ದಾಟಿರಲಿಲ್ಲ. ನಮ್ಮ ಯುವಕರು ಈ ಸಂಗತಿಯ ಬಳಿ ಒಂದು ಕ್ಷಣ ನಿಲ್ಲಬೇಕು.

ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಅದೇ ಇಂದಿನ ಕೆನರಾ ಬ್ಯಾಂಕು. ಅದೇ ವರ್ಷ ಅಕ್ಟೋಬರಿನಲ್ಲಿ ಮದರಾಸಿನ ಹೆಸರುವಾಸಿ ಅರ್ಬತ್ನಾಟ್ ಕಂಪೆನಿ ದಿವಾಳಿಯಾಗಿ ಸಾವಿರಾರು ಜನರ ಠೇವಣಿ ಮುಳುಗಿತು. ದೊಡ್ಡ ಬಿಳಿಯ ಕಂಪೆನಿಯೇ ಬಿದ್ದ ಮೇಲೆ ಉಡುಪಿಯ ಏಳು ತಿಂಗಳ ಕೂಸನ್ನು ಜನ ನಂಬಬೇಕಿತ್ತು. ಆ ನಂಬಿಕೆಗೆ ಇದ್ದ ಆಧಾರ ಒಂದೇ. ಬ್ಯಾಂಕು ನಡೆಸುವವರು ಯಾರೆಂದು ಊರಿನವರಿಗೆ ಗೊತ್ತಿತ್ತು, ಸಾಲ ಕೇಳುವವರು ಯಾರೆಂದು ಬ್ಯಾಂಕಿಗೂ ಗೊತ್ತಿತ್ತು.

ರೂಪಾಯಿಯ ದುಡಿಮೆ

ಬ್ಯಾಂಕಿನ ಉತ್ಪಾದಕತೆ ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹಾಗೆಂದರೇನು? ಹಂಚಿನ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ದಿನಕ್ಕೆ ಎಷ್ಟು ಹಂಚು ಮಾಡಿದನೆಂದು ಎಣಿಸಬಹುದು. ಬ್ಯಾಂಕಿನಲ್ಲಿ ಎಣಿಸುವುದು ಬೇರೆ ರೀತಿ. ಇದ್ದ ಸಿಬ್ಬಂದಿ, ಇದ್ದ ಕಟ್ಟಡ, ಇದ್ದ ಬಂಡವಾಳದಿಂದ ಎಷ್ಟು ಠೇವಣಿ ಬಂತು, ಎಷ್ಟು ಸಾಲ ಹೋಗಿ ಸರಿಯಾಗಿ ಮರಳಿತು, ಎಷ್ಟು ಜನರ ಹಣ ಒಂದೂರಿನಿಂದ ಇನ್ನೊಂದೂರಿಗೆ ತಲುಪಿತು ಎಂಬುದೇ ಲೆಕ್ಕ.

ಒಂದು ಉದಾಹರಣೆ ನೋಡೋಣ. ಒಂದೇ ಊರಿನ ಒಂದು ಸಣ್ಣ ಬ್ಯಾಂಕಿನಲ್ಲಿ 1000 ರೂಪಾಯಿ ಇದೆ ಎಂದುಕೊಳ್ಳಿ. ಆ ಊರಿನ ವ್ಯಾಪಾರ ಒಂದೇ ಬೆಳೆಯದು. ಹಂಗಾಮಿನ ನಾಲ್ಕು ತಿಂಗಳು ಎಲ್ಲರಿಗೂ ಸಾಲ ಬೇಕು, ಆಗ 1000 ಸಾಲದು. ಉಳಿದ ಎಂಟು ತಿಂಗಳು ಕೇಳುವವರಿಲ್ಲ, ಹಣ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಗುಮಾಸ್ತನ ಸಂಬಳ, ಕಟ್ಟಡದ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕೊಡಬೇಕು. ಈಗ ಅದೇ ಬ್ಯಾಂಕಿಗೆ ಬೇರೆ ಬೆಳೆಯ, ಬೇರೆ ಹವೆಯ ಇನ್ನೊಂದು ಊರು ಸಿಕ್ಕಿತೆನ್ನಿ. ಇಲ್ಲಿ ಮಲಗಿದ್ದ ಹಣ ಇನ್ನೂ ನಾಲ್ಕು ತಿಂಗಳು ಅಲ್ಲಿ ದುಡಿಯಿತು. ನಾಲ್ಕು ತಿಂಗಳ ದುಡಿಮೆ ಎಂಟು ತಿಂಗಳಿನದಾಯಿತು. ರೂಪಾಯಿ ಹೊಸದಲ್ಲ, ಅದರ ದುಡಿಮೆ ಮಾತ್ರ ಇಮ್ಮಡಿ. ನಿಜವಾದ ಬದುಕಿನಲ್ಲಿ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಎರಡು ಊರಿನ ಹಂಗಾಮು ಕೆಲವು ವಾರ ಹಿಂದೆಮುಂದೆಯಾದರೂ ಸಾಕು, ಪ್ರಯೋಜನವಿದೆ.

ಎರಡನೆಯ ಲಾಭ ರವಾನೆಯದು. ಮಂಗಳೂರಿನ ವರ್ತಕ ಮಡಿಕೇರಿಯ ಬೆಳೆಗಾರನಿಗೆ ಹಣ ಕೊಡಬೇಕಾದರೆ ನಾಣ್ಯದ ಚೀಲವನ್ನು ಸಂಪಾಜೆ ಘಟ್ಟ ಹತ್ತಿಸಬೇಕಿತ್ತು. ಎರಡೂ ಕಡೆ ಒಂದೇ ಬ್ಯಾಂಕಿನ ಶಾಖೆಯಿದ್ದರೆ ಇಲ್ಲಿ ಜಮಾ, ಅಲ್ಲಿ ಖರ್ಚು, ಎರಡು ಸಾಲಿನ ಬರವಣಿಗೆಯಲ್ಲಿ ಕೆಲಸ ಮುಗಿಯಿತು. ಮೂರನೆಯದು ಅಪಾಯದ ಹಂಚಿಕೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಕಾಫಿ ಚೆನ್ನಾಗಿರಬಹುದು. ಒಂದು ಕಡೆಯ ವಸೂಲಿ ನಿಂತರೂ ಇನ್ನೊಂದು ಕಡೆಯದು ಬ್ಯಾಂಕನ್ನು ಉಳಿಸುತ್ತದೆ.

ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಜಾಮೀನು, ಈ ಮಾತುಗಳೆಲ್ಲ ಅರಬ್ಬಿ ಪಾರಸಿಯಿಂದ ಹೊರಟು ನಮ್ಮ ಲೆಕ್ಕದ ಪುಸ್ತಕಕ್ಕೆ ಬಂದವು. ಇಂದು ಅವು ಅಚ್ಚಕನ್ನಡದ ಮಾತುಗಳಂತೆಯೇ ಇವೆ. ವ್ಯಾಪಾರ ಕೂಡಿದಲ್ಲಿ ಭಾಷೆಯೂ ಕೂಡುತ್ತದೆ.

ಘಟ್ಟದ ಮೇಲಿನ ಶಾಖೆ

ಸಾಹೇಬರ ಬ್ಯಾಂಕು ಬೇಗ ಬೇಗ ಬೆಳೆಯಲಿಲ್ಲ. ಹದಿನೇಳು ವರ್ಷ ಅದು ಉಡುಪಿಯಲ್ಲೇ ಇತ್ತು. 1923ರಲ್ಲಿ ಕುಂದಾಪುರದಲ್ಲಿ ಮೊದಲ ಶಾಖೆ, 1926ರಲ್ಲಿ ಮಂಗಳೂರಿನಲ್ಲಿ ಇನ್ನೊಂದು. ಅಷ್ಟರಲ್ಲಿ ಮಂಗಳೂರಿಗೆ ರೈಲು ಬಂದು ಸುಮಾರು ಇಪ್ಪತ್ತು ವರ್ಷವಾಗಿತ್ತು. 1907ರಲ್ಲಿ ಬಂದ ಆ ರೈಲಿನಿಂದ ಮಳೆಗಾಲದಲ್ಲಿ ಬಂದರು ಮುಚ್ಚಿದ್ದರೂ ಮಲಬಾರು ಮತ್ತು ಮದರಾಸಿನ ಪೇಟೆಗಳೊಂದಿಗೆ ವ್ಯಾಪಾರ ನಿಲ್ಲದೆ ನಡೆಯುವಂತಾಗಿತ್ತು. ಪೇಟೆಗಳು ಹತ್ತಿರವಾದಂತೆ ಬ್ಯಾಂಕಿಗೂ ಕೆಲಸ ಹೆಚ್ಚಾಯಿತು.

1934ರಲ್ಲಿ ಬ್ಯಾಂಕು ಮಡಿಕೇರಿಯಲ್ಲಿ ತನ್ನ ಏಳನೆಯ ಶಾಖೆ ತೆರೆಯಿತು. ಇದು ಸಣ್ಣ ಸಂಗತಿಯಲ್ಲ. ಕೊಡಗು ಆಗ ಮದರಾಸು ಪ್ರಾಂತದ ಹೊರಗಿದ್ದ ಬೇರೆ ಆಡಳಿತ. ಆದರೆ ಕೊಡಗಿನ ಕಾಫಿ ಸುಳ್ಯ, ಪುತ್ತೂರಿನ ಮೂಲಕವೇ ಇಳಿದು ಮಂಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಿಗೆ ಬರುತ್ತಿತ್ತು. 1834ರಲ್ಲಿ ಎಳೆದ ಗೆರೆಯನ್ನು ಸರಕು ಮೊದಲೇ ದಾಟಿತ್ತು. ಸರಿಯಾಗಿ ನೂರು ವರ್ಷದ ನಂತರ ಉಡುಪಿಯ ಬ್ಯಾಂಕು ಅದನ್ನು ದಾಟಿತು. ಕಾಫಿ ತೋಟಕ್ಕೆ ವರ್ಷವಿಡೀ ಕೂಲಿಯ ಹಣ ಬೇಕು, ಬೆಲೆ ಬರುವುದು ಮಾತ್ರ ವರ್ಷಕ್ಕೊಮ್ಮೆ. ಕರಾವಳಿಯ ಉಳಿತಾಯಕ್ಕೆ ಘಟ್ಟದ ಮೇಲೆ ಕೆಲಸ ಸಿಗುವುದು ಇಂಥಲ್ಲೇ.

ಆದರೆ ಗಡಿ ದಾಟುವುದಕ್ಕೆ ಬೆಲೆಯೂ ಇದೆ. ದೂರದ ಶಾಖೆಯಲ್ಲಿ ಸಾಲ ಕೇಳುವವನ ಗುಣ ಉಡುಪಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಅಲ್ಲಿನ ನಂಬಿಗಸ್ತ ಏಜೆಂಟ್, ಅಲ್ಲಿನ ಭಾಷೆ ಬಲ್ಲ ಗುಮಾಸ್ತ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ, ಇವೆಲ್ಲ ಖರ್ಚಿನ ಬಾಬ್ತು. ಈ ಖರ್ಚನ್ನು ತಾಳಲಾರದೆ ಶಾಖೆ ತೆರೆದವರು ಮುಳುಗಿದ್ದಾರೆ. ಹದಿನೇಳು ವರ್ಷ ಒಂದೇ ಊರಿನಲ್ಲಿ ಬೇರು ಬಿಟ್ಟು ನಂತರ ಕೊಂಬೆ ಚಾಚಿದ ಬ್ಯಾಂಕು ಉಳಿದುಕೊಂಡಿತು.

ಪುತ್ತೂರಿನ ಇನ್ನೊಂದು ದಾರಿ

ಇದೇ ಕಾಲದಲ್ಲಿ ನಮ್ಮ ಪುತ್ತೂರಿನಲ್ಲಿ ವಕೀಲರಾದ ಮೊಳಹಳ್ಳಿ ಶಿವರಾಯರು ಇನ್ನೊಂದು ದಾರಿ ಹಿಡಿದಿದ್ದರು. 1909ರಲ್ಲಿ ಅವರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದು ಮಂಗಳೂರಿನಲ್ಲಲ್ಲ, ಪುತ್ತೂರಿನಲ್ಲಿ. ಹಳ್ಳಿಯ ಸಂಘ ಹಳ್ಳಿಯವರನ್ನು ಬಲ್ಲದು, ಕೇಂದ್ರ ಬ್ಯಾಂಕು ಸಂಘಗಳಿಗೆ ಹಣ ಒದಗಿಸುತ್ತದೆ, ಇದೇ ಅದರ ಕ್ರಮ. ಸಾಹೇಬರದು ಕಂಪೆನಿ ಬ್ಯಾಂಕು, ರಾಯರದು ಸಹಕಾರಿ ಬ್ಯಾಂಕು. ದಾರಿ ಎರಡು, ಆದರೆ ಇಬ್ಬರೂ ಎದುರಿಸಿದ ಸಮಸ್ಯೆ ಒಂದೇ. ಊರಿನ ಪರಿಚಯವನ್ನು ಕಳೆದುಕೊಳ್ಳದೆ ಊರಿನ ಹೊರಗಿನ ಹಣವನ್ನು ಊರಿಗೆ ತರುವುದು ಹೇಗೆ?

ಮಾರುಕಟ್ಟೆ ಬಿದ್ದಾಗ

ಕೂಡಿದ ಮಾರುಕಟ್ಟೆ ಒಳ್ಳೆಯದನ್ನು ಮಾತ್ರ ತರುತ್ತದೆಂದು ತಿಳಿಯಬಾರದು. 1929ರಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್ಥಿಕ ಕುಸಿತ ಮುಂದಿನ ವರ್ಷಗಳಲ್ಲಿ ನಮ್ಮ ಅಕ್ಕಿಯ ಬೆಲೆ, ಕಾಫಿಯ ಬೆಲೆ, ಮೆಣಸಿನ ಬೆಲೆಯನ್ನೂ ನೆಲಕ್ಕೆ ಕೆಡವಿತು. ನ್ಯೂಯಾರ್ಕನ್ನು ಕಂಡೇ ಇರದ ಸುಳ್ಯದ ರೈತ ಅದಕ್ಕೆ ದಂಡ ತೆತ್ತ. ಸಾಲ ಪಡೆಯುವಾಗ ಇದ್ದ ಬೆಲೆ ತೀರಿಸುವಾಗ ಇರಲಿಲ್ಲ. ಎಷ್ಟೋ ಜಮೀನು ಕೈ ಬದಲಾಯಿತು. ಅಂಥ ಕಾಲದಲ್ಲೂ ಸಾಹೇಬರ ಬ್ಯಾಂಕು ಬಾಗಿಲು ಮುಚ್ಚಲಿಲ್ಲ. ಮಡಿಕೇರಿ ಶಾಖೆ ತೆರೆದದ್ದೂ ಈ ಕಷ್ಟದ ವರ್ಷಗಳಲ್ಲೇ.

ಆ ಶಾಖೆ ತೆರೆದ ಮರುವರ್ಷ, 1935ರಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರು ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ವಯಸ್ಸು ಐವತ್ತಮೂರರ ಆಸುಪಾಸು. ಉಡುಪಿಯಲ್ಲಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗಾಗಿ ಅವರು ಜಾಗ ದಾನ ಮಾಡಿದ್ದರು. ಆ ಆಸ್ಪತ್ರೆ ಅವರ ಹೆಸರನ್ನು ಇಂದಿಗೂ ಹೊತ್ತಿದೆ. ಯಾವ ಮತದ ತಾಯಿ, ಯಾವ ಮತದ ಮಗು ಎಂದು ಅಲ್ಲಿ ಕೇಳುವುದಿಲ್ಲ. ಬ್ಯಾಂಕಿಗೆ ಹಾಕಿದ ಅಡಿಪಾಯವೇ ಆಸ್ಪತ್ರೆಗೂ ಆಯಿತು.

ಸಾಹೇಬರ ನಂತರ

ಮುಂದಿನ ಕತೆ ಚುಟುಕಾಗಿ ಹೀಗಿದೆ. 1937ರಲ್ಲಿ ಬ್ಯಾಂಕು ರಿಸರ್ವ್ ಬ್ಯಾಂಕಿನ ಎರಡನೆಯ ಅನುಸೂಚಿಗೆ ಸೇರಿತು. ಮರುವರ್ಷವೇ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಬಿದ್ದು ದಕ್ಷಿಣ ಭಾರತದ ಠೇವಣಿದಾರರೆಲ್ಲ ಹೆದರಿದರು. ಒಂದು ಸೀಮೆಯ ಬ್ಯಾಂಕಿನ ಭಯ ಇನ್ನೊಂದು ಸೀಮೆಗೆ ಹಬ್ಬುವುದಕ್ಕೆ ಗಡಿ ಅಡ್ಡಬರುವುದಿಲ್ಲವೆಂದು ಆಗ ಎಲ್ಲರಿಗೂ ತಿಳಿಯಿತು. 1939ರಲ್ಲಿ ಬ್ಯಾಂಕಿನ ಹೆಸರಿನಿಂದ ಉಡುಪಿ ಎಂಬ ಮಾತು ಹೋಯಿತು. 1961ರಲ್ಲಿ ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ ಇದರಲ್ಲಿ ಸೇರಿತು. 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಬಂತು. 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು. ನಂತರ ದುಬೈ ಮತ್ತು ಹಾಂಗ್‌ಕಾಂಗ್‌ನಲ್ಲೂ ಅದರ ಪ್ರತಿನಿಧಿ ಕಚೇರಿಗಳು ತೆರೆದವು. 38 ರೂಪಾಯಿಯ ಪೆಟ್ಟಿಗೆ ಸಮುದ್ರ ದಾಟಿತ್ತು.

ಈ ನಡುವೆ ಗಡಿಯೂ ಬದಲಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ಜಿಲ್ಲೆಯಾಗಿದ್ದಲ್ಲಿ ತಪಾಸಣೆಯ ಗೇಟು ಬಂತು. ಅಡಿಕೆಯ ತೋಟ ಎರಡೂ ಕಡೆ ಒಂದೇ, ಬೆಳೆಗಾರರ ಕಷ್ಟವೂ ಒಂದೇ, ಸರಕಾರ ಮಾತ್ರ ಎರಡು. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕರ್ನಾಟಕ ಮತ್ತು ಕೇರಳ ಎರಡರ ಬೆಳೆಗಾರರೂ ಅದರ ಸದಸ್ಯರು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಖರೀದಿ ಕೇಂದ್ರದಲ್ಲಿ ನಿಶ್ಚಿತ ಬೆಲೆ ಸಿಕ್ಕಿದರೆ ರೈತನ ಸಾಲ ಸಮಯಕ್ಕೆ ಮರಳುತ್ತದೆ. ಸಾಲ ಮರಳಿದರೆ ಬ್ಯಾಂಕಿನ ರೂಪಾಯಿ ಇನ್ನೊಬ್ಬನ ಕೈಗೆ ಹೋಗಿ ದುಡಿಯುತ್ತದೆ. ಮಾರುಕಟ್ಟೆಯ ಕೂಡಿಕೆಯು ಬ್ಯಾಂಕಿನ ಉತ್ಪಾದಕತೆಗೆ ಹೇಗೆ ನೆರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ನಮಗೇನು ಪಾಠ?

ಬಡ್ಡಿಯ ಪ್ರಶ್ನೆ ನಮ್ಮ ಸಮಾಜದಲ್ಲಿ ಇದ್ದೇ ಇದೆ. ಅದನ್ನು ವಿವರಿಸುವುದು ಉಲಮಾಗಳ ಕೆಲಸ, ಈ ಬರಹದ್ದಲ್ಲ. ಆದರೆ ಆ ಪ್ರಶ್ನೆಯ ನೆಪದಲ್ಲಿ ಹಣಕಾಸಿನ ತಿಳಿವಳಿಕೆಯಿಂದಲೇ ನಾವು ದೂರ ಉಳಿದದ್ದು ಸರಿಯಲ್ಲ. ನಮ್ಮ ಊರುಗಳ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಹಣ ಬರುತ್ತದೆ. ಅದು ಕೂಡ ಗಡಿ ದಾಟಿದ ಮಾರುಕಟ್ಟೆಯೇ. ಅಲ್ಲಿ ಮಾರಾಟವಾಗುವುದು ಅಡಿಕೆಯಲ್ಲ, ನಮ್ಮ ಮಕ್ಕಳ ದುಡಿಮೆ. ಅಡಿಕೆಯ ಹಣ ಹಂಗಾಮಿಗೆ ಬರುತ್ತದೆ, ಗಲ್ಫಿನ ಹಣ ತಿಂಗಳು ತಿಂಗಳು ಬರುತ್ತದೆ. ಬ್ಯಾಂಕಿಗೆ ಅದರಿಂದ ಸ್ಥಿರವಾದ ಠೇವಣಿ ಸಿಗುತ್ತದೆ. ಆ ಠೇವಣಿಯಿಂದ ನಮ್ಮ ಊರಿನಲ್ಲಿ ಎಷ್ಟು ಅಂಗಡಿ, ಎಷ್ಟು ಕೈಕಸುಬು, ಎಷ್ಟು ಮಕ್ಕಳ ಓದು ನಡೆಯಿತು ಎಂದು ನೀವೇ ಎಣಿಸಿ ನೋಡಿ. ಮನೆ ಕಟ್ಟಲು, ಮದುವೆ ಮಾಡಲು ಹೋದದ್ದೆಷ್ಟು, ದುಡಿಯುವ ಕೆಲಸಕ್ಕೆ ಹೋದದ್ದೆಷ್ಟು ಎಂಬುದನ್ನೂ ಎಣಿಸಿ.

ಇನ್ನೊಂದು ಮಾತು. ಈಗ ಬ್ಯಾಂಕುಗಳು ತಲಾ ನೌಕರನ ವ್ಯವಹಾರ ಎಷ್ಟೆಂದು ವರದಿಯಲ್ಲಿ ತೋರಿಸುತ್ತವೆ. ಬ್ಯಾಂಕುಗಳು ಕೂಡಿದರೆ, ಹತ್ತಿರ ಹತ್ತಿರದ ಎರಡು ಶಾಖೆ ಒಂದಾದರೆ, ಈ ಅಂಕಿ ಏರುತ್ತದೆ. ಅದು ತಪ್ಪಲ್ಲ, ಖರ್ಚು ಉಳಿಯುತ್ತದೆ. ಆದರೆ ಅಂಕಿ ಏರಿದ ದಿನವೇ ಹಳ್ಳಿಯ ಅಜ್ಜಿ ಪಿಂಚಣಿಗಾಗಿ ಎರಡು ಬಸ್ಸು ಹತ್ತಬೇಕಾದರೆ, ಸಣ್ಣ ಸಾಲ ಕೇಳುವವನ ಮುಖದ ಪರಿಚಯ ಬ್ಯಾಂಕಿನಲ್ಲಿ ಯಾರಿಗೂ ಇಲ್ಲವಾದರೆ, ಆ ಖರ್ಚನ್ನು ಬ್ಯಾಂಕು ಉಳಿಸಲಿಲ್ಲ, ಜನರ ತಲೆಗೆ ದಾಟಿಸಿತು ಎಂದೇ ಹೇಳಬೇಕು. ಸಾಹೇಬರು ಬ್ಯಾಂಕು ಕಟ್ಟಿದ್ದು ಊರಿನ ಉಳಿತಾಯ ಊರಿನ ಕೆಲಸಕ್ಕೆ ಒದಗಲೆಂದು. ಅವರ ಬ್ಯಾಂಕು ಗಡಿ ದಾಟಿದ್ದೂ ಆ ಕೆಲಸ ಇನ್ನಷ್ಟು ಬೆಳೆಯಲೆಂದು. ಹಣ ಹೊರಗೆ ಹೋಗುವುದು ತಪ್ಪಲ್ಲ, ಮರಳಿ ಬಾರದಿದ್ದರೆ ತಪ್ಪು.

ಉಡುಪಿಯಲ್ಲಿ ಸಾಹೇಬರು ಬಾಳಿದ ಮನೆಯನ್ನು 2011ರಲ್ಲಿ ಬ್ಯಾಂಕು ನಾಣ್ಯಗಳ ಸಂಗ್ರಹಾಲಯವಾಗಿ ತೆರೆಯಿತು. ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಆ ಮನೆಯ ಹೆಸರೂ ಇರಲಿ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ವಾಣಿಜ್ಯ ವಿಭಾಗ ಸೇರಲಿ, ಲೆಕ್ಕಪತ್ರ ಕಲಿಯಲಿ, ಬ್ಯಾಂಕಿಂಗ್ ಪರೀಕ್ಷೆ ಬರೆಯಲಿ. ಹೆಣ್ಣುಮಕ್ಕಳೂ ಈ ಸಾಲಿನಲ್ಲಿರಲಿ. ಬ್ಯಾಂಕಿನ ಕೌಂಟರಿನ ಈಚೆ ಮಾತ್ರವಲ್ಲ, ಆಚೆಯೂ ನಮ್ಮವರು ಕೂರಬೇಕು. ಗಡಿಯಾಚೆಯ ಪೇಟೆಯ ಲೆಕ್ಕ ಬಲ್ಲವರು, ಈಚೆಯ ಊರಿನ ಮನೆಮನೆಯ ಪರಿಚಯ ಉಳ್ಳವರು ಅಲ್ಲಿ ಬೇಕಾಗಿದ್ದಾರೆ. ಹಾಜಿ ಅಬ್ದುಲ್ಲಾ ಸಾಹೇಬರು ಆ ಎರಡನ್ನೂ ಬಲ್ಲವರಾಗಿದ್ದರು.